ನೂರು ಲೀಟರ್ ನೀರಿಗೆ ಎಷ್ಟು ಓದುಗರು?

ಮೇ ತಿಂಗಳ ಮೂರನೆಯ ವಾರ ನಮ್ಮ ಕಡೆ ಮೈಲುತುತ್ತ, ಸುಣ್ಣ, ಪಂಪಿನ ವಾಷರ್ ಬಿಟ್ಟರೆ ಬೇರೆ ಮಾತಿಲ್ಲ. ಮಳೆ ಹಿಡಿಯುವ ಮೊದಲು ಅಡಿಕೆ ಕೊನೆಗಳಿಗೆ ಬೋರ್ಡೋ ದ್ರಾವಣ ಬೀಳಬೇಕು, ಇಲ್ಲದಿದ್ದರೆ ಕೊಳೆರೋಗ ಬಂದು ಎಳೆಕಾಯಿ ಉದುರುತ್ತದೆ. ನಾನು ನಡೆಸುವ ಪುಟ್ಟ ಜಾಲತಾಣಕ್ಕೂ ಅದೇ ಸುಗ್ಗಿ. ವರ್ಷದ ಉಳಿದ ದಿನಗಳಲ್ಲಿ ಯಾರೂ ಮೂಸಿ ನೋಡದ ಬೋರ್ಡೋ ತಯಾರಿಯ ಪುಟಕ್ಕೆ ಆಗ ದಿನಕ್ಕೆ ಮುನ್ನೂರು ಜನ ಬರುತ್ತಾರೆ.

ಈ ಸಲ ಅಂಕಿಗಳು ಕುಣಿದಾಡಿದವು. ಪುಟವೀಕ್ಷಣೆ ಹಿಂದಿನ ವಾರಕ್ಕಿಂತ ಎರಡು ಪಟ್ಟು. ಬಂದವರು ಬಂದ ಹಾಗೆಯೇ ಹೊರಟುಹೋಗುವ ಪ್ರಮಾಣ, ಅಂದರೆ ಬೌನ್ಸ್ ರೇಟ್, ಶೇ. 58ರಿಂದ ಶೇ. 3ಕ್ಕೆ ಇಳಿದಿತ್ತು. ಅದೇ ವಾರ ನಾನು ಜಾಲತಾಣದ ಥೀಮ್ ಬದಲಾಯಿಸಿದ್ದೆ. ಹೊಸ ವಿನ್ಯಾಸ ಓದುಗರಿಗೆ ಹಿಡಿಸಿಬಿಟ್ಟಿದೆ ಎಂದು ಮನೆಯಲ್ಲಿ ಹೇಳಿಕೊಂಡು, ವರದಿಯ ಚಿತ್ರ ತೆಗೆದು ಗೆಳೆಯರಿಗೂ ಕಳಿಸಿದೆ.

ಗೆಳೆಯರು ಎಂದರೆ ಮೂವರು. ಧಾರವಾಡದವನು ಸ್ಪರ್ಧಾತ್ಮಕ ಪರೀಕ್ಷೆಗಳ ಟಿಪ್ಪಣಿಗಳ ತಾಣ ನಡೆಸುತ್ತಾನೆ. ಮೈಸೂರಿನವರು ಅಡುಗೆಯ ತಾಣ ನಡೆಸುತ್ತಾರೆ. ಇನ್ನೊಬ್ಬ ಮೆಲ್ಬರ್ನ್‌ನಲ್ಲಿದ್ದುಕೊಂಡು ಅಲ್ಲಿನ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುವ ತಾಣ ಮಾಡಿದ್ದಾನೆ. ತಿಂಗಳಿಗೊಮ್ಮೆ ಭಾನುವಾರ ನಾಲ್ವರೂ ಕರೆಯಲ್ಲಿ ಕೂತು ಅವರವರ ಅಂಕಿಗಳನ್ನು ಬಿಚ್ಚಿಡುತ್ತೇವೆ. ಮೊದಮೊದಲು ಅದು ಬಡಾಯಿಯ ಸಭೆಯಾಗಿತ್ತು.

ಧಾರವಾಡದಿಂದ ಐದೇ ನಿಮಿಷದಲ್ಲಿ ಉತ್ತರ ಬಂತು: ‘ಟ್ಯಾಗ್ ಎರಡು ಕಡೆ ಕೂತಿದೆ. ಹೋಗಿ ತೆಗೆ.’

ಮೊದಲ ಶನಿವಾರ

ಅವನು ಹೇಳಿದ್ದು ಸರಿಯಾಗಿತ್ತು. ಗೂಗಲ್ ಅನಲಿಟಿಕ್ಸ್‌ನ ಟ್ಯಾಗನ್ನು, ಅಂದರೆ ಬಂದವರನ್ನು ಎಣಿಸಲು ಪುಟಕ್ಕೆ ಸೇರಿಸುವ ಚಿಕ್ಕ ಸ್ಕ್ರಿಪ್ಟನ್ನು, ಹಿಂದೆ ಒಂದು ಪ್ಲಗಿನ್ ಮೂಲಕ ಹಾಕಿದ್ದೆ. ಹೊಸ ಥೀಮ್‌ನ ಸೆಟ್ಟಿಂಗ್‌ನಲ್ಲಿ ಅದಕ್ಕೊಂದು ಖಾನೆ ಕಂಡಿತು. ಖಾನೆ ಖಾಲಿ ಇದ್ದರೆ ತುಂಬುವುದು ಮನುಷ್ಯನ ಸ್ವಭಾವ. ಒಬ್ಬರು ಒಂದು ಪುಟ ತೆರೆದರೆ ಎರಡು ವೀಕ್ಷಣೆ ದಾಖಲಾಗುತ್ತಿತ್ತು. ಗೂಗಲ್ ಅನಲಿಟಿಕ್ಸ್‌ನ ಈಗಿನ ಆವೃತ್ತಿಯಾದ ಜಿಎ4 ಲೆಕ್ಕದಲ್ಲಿ ಭೇಟಿಯೊಂದು 10 ಸೆಕೆಂಡ್ ದಾಟಿದರೆ, ಅಥವಾ ಎರಡು ಪುಟ ಕಂಡರೆ, ಅಥವಾ ನಾವು ಮುಖ್ಯವೆಂದು ಗುರುತು ಹಾಕಿದ ಕೆಲಸವೊಂದು ನಡೆದರೆ ಅದು ತೊಡಗಿಕೊಂಡ ಭೇಟಿ. ಉಳಿದದ್ದು ಬೌನ್ಸ್. ಪುಟವೇ ಎರಡೆರಡು ಬಾರಿ ಎಣಿಕೆಯಾದರೆ ಬೌನ್ಸ್ ಆಗಲು ಉಳಿಯುವುದೇನು? ಶೇ. 3 ಎಂಬುದು ಓದುಗರ ಮೆಚ್ಚುಗೆಯಾಗಿರಲಿಲ್ಲ, ನನ್ನ ಕೈಚಳಕವಾಗಿತ್ತು.

ಬ್ರೌಸರ್‌ನ ಡೆವಲಪರ್ ಕಿಟಕಿ ತೆರೆದು, ನೆಟ್‌ವರ್ಕ್ ಪಟ್ಟಿಯಲ್ಲಿ ‘ಕಲೆಕ್ಟ್’ ಎಂದು ಹುಡುಕಿದರೆ ಗೂಗಲ್‌ಗೆ ಹೋಗುವ ಕೋರಿಕೆಗಳು ಕಾಣುತ್ತವೆ. ಪುಟ ತೆರೆದ ಕೂಡಲೇ ಅವಳಿ ಮಕ್ಕಳಂತೆ ಎರಡು ಹೋದವು. ಥೀಮ್‌ನ ಖಾನೆ ಖಾಲಿ ಮಾಡಿದೆ, ಒಂದು ಹೋಯಿತು. ದುರಸ್ತಿಗೆ ಹಿಡಿದದ್ದು ಎರಡು ನಿಮಿಷ. ಮನೆಯಲ್ಲಿ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ಇನ್ನೂ ಸ್ವಲ್ಪ ಹೆಚ್ಚು.

ಧಾರವಾಡದವನಿಗೆ ಇದು ಹೇಗೆ ಗೊತ್ತಾಯಿತು ಎಂಬುದೇ ನನಗೆ ಸ್ವಾರಸ್ಯ ಅನಿಸಿದ್ದು. ಎರಡು ವರ್ಷದ ಹಿಂದೆ ಅವನಿಗೂ ಇದೇ ಆಗಿತ್ತು. ಆ ಅಂಕಿ ನಂಬಿ ಅವನು ಒಂದು ಜಾಹೀರಾತು ಕಂಪನಿಯ ಜೊತೆ ದರ ಮಾತಾಡಿ, ಆಮೇಲೆ ತಲೆ ತಗ್ಗಿಸಬೇಕಾಯಿತು. ಇಂಗ್ಲೆಂಡಿನಲ್ಲಿ ಟಿವಿ, ರೇಡಿಯೊ ಪ್ರೇಕ್ಷಕರ ಎಣಿಕೆಯ ಕೆಲಸದಲ್ಲಿದ್ದ ಟೋನಿ ಟ್ವೈಮನ್ ಹೆಸರಿನಲ್ಲಿ ಒಂದು ನಿಯಮವಿದೆ: ಯಾವ ಅಂಕಿ ಬೆರಗು ಹುಟ್ಟಿಸುತ್ತದೆಯೋ ಅದು ಸಾಮಾನ್ಯವಾಗಿ ತಪ್ಪಾಗಿರುತ್ತದೆ. ನಾನು ಆ ನಿಯಮವನ್ನು ಓದಿದ್ದೆ. ಓದಿದ್ದು ಶೇ. 3ನ್ನು ಕಂಡಾಗ ನೆನಪಿಗೆ ಬರಲಿಲ್ಲ. ಧಾರವಾಡದವನಿಗೆ ಪೆಟ್ಟು ಬಿದ್ದಿತ್ತು, ಅವನಿಗೆ ಬಂತು.

ಆ ರಾತ್ರಿಯೇ ನಾಲ್ವರೂ ಹಂಚಿಕೊಳ್ಳುವ ಒಂದು ಸ್ಪ್ರೆಡ್‌ಶೀಟ್ ತೆರೆದೆ. ಹೆಸರು ‘ಎಡವಟ್ಟಿನ ವಹಿ’. ಏನು ಬದಲಾಯಿಸಿದೆವು, ಯಾವ ದಿನ, ಏನಾಗಬಹುದೆಂದು ಮೊದಲೇ ಅಂದುಕೊಂಡಿದ್ದೆವು, ಏನಾಯಿತು, ಏಕೆ ಎಂಬುದಕ್ಕೆ ಐದು ಕಲಂ. ಗೆಲುವಿನ ಕಲಂ ಬೇಕೆಂದು ಮೈಸೂರಿನವರು ಕೇಳಿದರು. ಅದನ್ನೂ ಸೇರಿಸಿದೆ. ಅದು ನನ್ನ ಮುಂದಿನ ತಪ್ಪಿಗೆ ದಾರಿಯಾಯಿತು.

ಸರ್ವರ್ ಲಾಗ್ ಎಂಬ ಹಳೆಯ ದಾಸ್ತಾನು

ಒಂದು ತಕ್ಕಡಿ ಸುಳ್ಳು ಹೇಳಿತೆಂದರೆ ಇನ್ನೊಂದು ತಕ್ಕಡಿಯಲ್ಲಿ ತೂಗಿ ನೋಡಬೇಕು. ನನ್ನ ಸರ್ವರ್‌ನಲ್ಲಿ ಎಂಜಿನ್‌ಎಕ್ಸ್ ಎಂಬ ತಂತ್ರಾಂಶ ಓಡುತ್ತದೆ. ಅದು ಪ್ರತಿ ಕೋರಿಕೆಯನ್ನೂ ಒಂದು ಸಾಲಿನಲ್ಲಿ ಬರೆದಿಡುತ್ತದೆ, ಅದೇ ಲಾಗ್: ಐಪಿ ವಿಳಾಸ, ಸಮಯ, ಕೇಳಿದ ಪುಟ, ಉತ್ತರದ ಸಂಖ್ಯೆ, ಕಳಿಸಿದ ಬೈಟುಗಳು, ಎಲ್ಲಿಂದ ಬಂದರು, ಯಾವ ಬ್ರೌಸರ್. ‘ಎಲ್ಲಿಂದ ಬಂದರು’ ಎಂಬ ರೆಫರರ್ ಕಲಮಿನ ಹೆಸರಿನಲ್ಲಿ ಒಂದು ‘ಆರ್’ ಅಕ್ಷರ ಕಡಿಮೆ ಇದೆ. 1996ರ ಎಚ್‌ಟಿಟಿಪಿ ದಾಖಲೆಯಲ್ಲಿಯೇ ಆ ಕಾಗುಣಿತದ ತಪ್ಪು ಸೇರಿಹೋಗಿತ್ತು, ಲೋಕದ ಸರ್ವರ್‌ಗಳೆಲ್ಲ ಅದನ್ನೇ ಇಂದಿಗೂ ಹೊತ್ತು ತಿರುಗುತ್ತಿವೆ. ತಪ್ಪು ಮಾಡಿದವರಲ್ಲಿ ನಾನೊಬ್ಬನೇ ಅಲ್ಲ ಎಂಬ ಸಮಾಧಾನಕ್ಕೆ ಇಷ್ಟು ಸಾಕು.

ಗೂಗಲ್ ಅನಲಿಟಿಕ್ಸ್ 2005ರಲ್ಲಿ ಬರುವ ಮೊದಲು ಹೆಚ್ಚಿನವರು ಈ ಲಾಗ್‌ಗಳನ್ನೇ ಅಗೆಯುತ್ತಿದ್ದರು; ಅನಲಾಗ್, ವೆಬಲೈಜರ್, ಎಡಬ್ಲ್ಯೂಸ್ಟಾಟ್ಸ್ ಎಂಬ ಸಲಕರಣೆಗಳ ಕಾಲ ಅದು. ಗೂಗಲ್ ಕೊಂಡದ್ದು ಕೂಡ ಅರ್ಚಿನ್ ಎಂಬ ಲಾಗ್ ಓದುವ ಕಂಪನಿಯನ್ನೇ. ಓದುಗರು ಎಲ್ಲಿಂದ ಬಂದರೆಂದು ತಿಳಿಯಲು ಕೊಂಡಿಗಳ ಬಾಲಕ್ಕೆ ನಾವು ಇಂದಿಗೂ ಅಂಟಿಸುವ ಯುಟಿಎಂ ಗುರುತಿನ ಮೊದಲ ಅಕ್ಷರ ಆ ಅರ್ಚಿನ್‌ನದ್ದು. ನಾನು ಗೋಆಕ್ಸೆಸ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡೆ. ಒಂದೇ ಆದೇಶಕ್ಕೆ ಇಡೀ ತಿಂಗಳ ಲಾಗ್ ಪರದೆಯ ಮೇಲೆ ಬಂತು.

ಬಂದದ್ದು ಗೊಂದಲ. ಮೊದಲನೆಯದಾಗಿ ಯಂತ್ರಗಳು. ಶೋಧಯಂತ್ರಗಳ ಬಾಟ್‌ಗಳು, ಎಐ ಕಂಪನಿಗಳ ಬಾಟ್‌ಗಳು, ನನ್ನಲ್ಲಿ ಇಲ್ಲದೇ ಇರುವ ಲಾಗಿನ್ ಪುಟವನ್ನು ಹಗಲಿರುಳು ತಟ್ಟುವ ಪುಂಡ ಬಾಟ್‌ಗಳು. ಅವನ್ನು ಸೋಸಿದ ಮೇಲೆ ಉಳಿದದ್ದು ಇನ್ನೊಂದು ಸಮಸ್ಯೆ: ಬೋರ್ಡೋ ಪುಟ ಪಟ್ಟಿಯಲ್ಲಿ ಮೂರು ಬಾರಿ ಇತ್ತು, ಮೂರೂ ಬೇರೆ ಬೇರೆ ಪುಟ ಎಂಬಂತೆ.

ಕನ್ನಡದಲ್ಲಿ ಪುಟದ ವಿಳಾಸ ಕೊಡುವವರೆಲ್ಲರಿಗೂ ಈ ಗುಂಡಿ ಕಾದಿರುತ್ತದೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್ ಬೇಕು. ವಿಳಾಸದಲ್ಲಿ ಒಂದೊಂದು ಬೈಟನ್ನೂ ಶೇಕಡಾ ಚಿಹ್ನೆಯ ಜೊತೆ ಎರಡು ಅಂಕಿ-ಅಕ್ಷರಗಳಾಗಿ ಬರೆಯುತ್ತಾರೆ. ಹಾಗಾಗಿ ‘ಕ’ ಎಂಬ ಒಂದು ಅಕ್ಷರ ಲಾಗ್‌ನಲ್ಲಿ %E0%B2%95 ಎಂದು ಒಂಬತ್ತು ಚಿಹ್ನೆಗಳಾಗಿ ನಿಲ್ಲುತ್ತದೆ. ‘ಬೋರ್ಡೋ’ ಎಂಬ ಎರಡಕ್ಷರದ ಹೆಸರು ಒಂದು ಸಾಲು ತಿನ್ನುತ್ತದೆ. ಇದರಲ್ಲಿ ಎರಡು ಕಳ್ಳದಾರಿಗಳಿವೆ. ‘ೋ’ ಎಂಬ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಣುಕು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ. ಎರಡನೆಯದು ಇನ್ನೂ ಕಳ್ಳ. ‘ಸಾಫ್ಟ್‌ವೇರ್’ ಥರದ ಪದಗಳಲ್ಲಿ ಒತ್ತಕ್ಷರ ಕೂಡಿಕೊಳ್ಳದಿರಲು ಕೀಲಿಮಣೆ ನಡುವೆ ಒಂದು ಅದೃಶ್ಯ ಚಿಹ್ನೆ ತೂರಿಸುತ್ತದೆ. ಶೂನ್ಯ ಅಗಲದ ಚಿಹ್ನೆ ಅದು. ಕಾಣುವುದಿಲ್ಲ, ಆದರೆ ವಿಳಾಸದಲ್ಲಿ ಅದಕ್ಕೂ ಒಂಬತ್ತು ಚಿಹ್ನೆಗಳ ಜಾಗ.

ನನ್ನ ಪುಟಕ್ಕೆ ಕೊಂಡಿ ಕೊಟ್ಟವರಲ್ಲಿ ಒಬ್ಬರು ‘ಬೋರ್ಡೋ’ ಪದವನ್ನು ತಮ್ಮ ಕೀಲಿಮಣೆಯಲ್ಲಿ ಮತ್ತೆ ಟೈಪ್ ಮಾಡಿದ್ದರು, ಇನ್ನೊಬ್ಬರ ಕೊಂಡಿಯಲ್ಲಿ ಅದೃಶ್ಯ ಚಿಹ್ನೆ ಸೇರಿತ್ತು. ನನ್ನ ತಂತ್ರಾಂಶ ಧಾರಾಳಿ. ಮೂರು ವಿಳಾಸಕ್ಕೂ ಅದೇ ಪುಟ ಕೊಡುತ್ತಿತ್ತು, ಎಣಿಕೆ ಮಾತ್ರ ಮೂರು ಪಾಲು. ಇದರ ಮದ್ದು ಹೊಳೆದದ್ದು ವಹಿಯಿಂದ. ಮೆಲ್ಬರ್ನ್‌ನವನ ತಾಣದ ಒಳಗಿನ ಹುಡುಕು ಪೆಟ್ಟಿಗೆಯಲ್ಲಿ ಮಕ್ಕಳು ‘ಕೋಳಿ’ ಎಂದು ಹುಡುಕಿದರೆ ಕೆಲವು ಫೋನ್‌ಗಳಲ್ಲಿ ಸಿಗುತ್ತಿತ್ತು, ಕೆಲವದರಲ್ಲಿ ಸಿಗುತ್ತಿರಲಿಲ್ಲ. ತಿಂಗಳುಗಟ್ಟಲೆ ಅವನು ಅದನ್ನು ಮಕ್ಕಳ ಕಾಗುಣಿತದ ತಪ್ಪೆಂದು ನಂಬಿದ್ದ, ವಹಿಯಲ್ಲೂ ಹಾಗೆಯೇ ಬರೆದಿದ್ದ. ಆಮೇಲೆ ಅದರ ಮೇಲೆ ಗೀಟು ಎಳೆದು ‘ತಪ್ಪು ನನ್ನದು, ಎನ್‌ಎಫ್‌ಸಿ ಮಾಡಿರಲಿಲ್ಲ’ ಎಂದು ತಿದ್ದಿದ್ದ. ಎನ್‌ಎಫ್‌ಸಿ ಎಂದರೆ ಬಿಡಿ ತುಣುಕುಗಳನ್ನು ಒಂದೇ ಸಂಕೇತಕ್ಕೆ ತರುವ ಯೂನಿಕೋಡ್ ಕ್ರಮ. ಅದು ‘ೋ’ ಸಮಸ್ಯೆಯನ್ನು ಬಗೆಹರಿಸುತ್ತದೆ, ಅದೃಶ್ಯ ಚಿಹ್ನೆಯನ್ನು ಮುಟ್ಟುವುದಿಲ್ಲ; ಅದನ್ನು ಬೇರೆಯಾಗಿ ಕಿತ್ತು ಹಾಕಬೇಕು. ಹತ್ತು ಸಾಲಿನ ಪೈಥಾನ್ ಸ್ಕ್ರಿಪ್ಟ್ ಬರೆದೆ: ಶೇಕಡಾ ಚಿಹ್ನೆ ಬಿಡಿಸು, ಎನ್‌ಎಫ್‌ಸಿ ಮಾಡು, ಅದೃಶ್ಯ ಚಿಹ್ನೆ ಕೀಳು, ಆಮೇಲೆ ಎಣಿಸು. ಮೂರು ಪುಟ ಒಂದಾದವು. ಹೊಸ ಪುಟಗಳಿಗೆ ಇನ್ನು ಮುಂದೆ ಕನ್ನಡದ ಬದಲು ಚಿಕ್ಕ ರೋಮನ್ ವಿಳಾಸ ಕೊಡಬೇಕೇ ಎಂಬ ಪ್ರಶ್ನೆಯೂ ಬಂತು. ಕೊಡುವುದಿಲ್ಲ. ಇದು ಹಟ, ತರ್ಕ ಕೇಳಬೇಡಿ.

ಮಧ್ಯಾಹ್ನ ಹುಟ್ಟುವ ದಿನ

ಲಾಗ್ ಮತ್ತು ಜಿಎ4 ಎರಡನ್ನೂ ದಿನವಾರು ಪಕ್ಕಪಕ್ಕ ಇಟ್ಟೆ. ತಿಂಗಳ ಮೊತ್ತದಲ್ಲಿ ಸುಮಾರಾಗಿ ಒಂದೇ ಜಾಡು, ದಿನದ ಅಂಕಿಯಲ್ಲಿ ಅಜಗಜಾಂತರ. ಭಾನುವಾರದ ಏರಿಕೆ ಒಂದರಲ್ಲಿ ಭಾನುವಾರ, ಇನ್ನೊಂದರಲ್ಲಿ ಅರ್ಧ ಶನಿವಾರಕ್ಕೆ ಸೋರಿತ್ತು.

ಇದನ್ನು ಹಿಡಿದದ್ದೂ ಮೆಲ್ಬರ್ನ್‌ನವನೇ. ಕಾಲವಲಯದ ಜೊತೆ ದಿನವೂ ಜಗಳವಾಡುವವನಿಗೆ ಅದು ಬೇಗ ಕಾಣುತ್ತದೆ. ನಾನು ಖಾತೆ ತೆರೆಯುವಾಗ ಸಮಯದ ಖಾನೆಯನ್ನು ನೋಡದೆ ಮುಂದೆ ಒತ್ತಿದ್ದೆ. ಅಲ್ಲಿ ಲಾಸ್ ಏಂಜಲೀಸ್ ಸಮಯ ಕೂತಿತ್ತು. ಅವರ ನಡುರಾತ್ರಿ ಬೇಸಿಗೆಯಲ್ಲಿ ನಮ್ಮ ಮಧ್ಯಾಹ್ನ 12.30, ಚಳಿಗಾಲದಲ್ಲಿ 1.30. ಅಂದರೆ ಇಷ್ಟು ವರ್ಷ ನನ್ನ ಜಾಲತಾಣದ ದಿನ ಊಟದ ಹೊತ್ತಿಗೆ ಹುಟ್ಟುತ್ತಿತ್ತು. ಸರಿಪಡಿಸಿದೆ. ಹಿಂದಿನ ಅಂಕಿಗಳು ತಿದ್ದಿಕೊಳ್ಳುವುದಿಲ್ಲ, ಬದಲಾವಣೆ ಮುಂದಕ್ಕೆ ಮಾತ್ರ ಅನ್ವಯ. ವಹಿಯಲ್ಲಿ ಬರೆದಿಟ್ಟೆ: ಈ ದಿನದ ಅಂಕಿಯನ್ನು ಯಾವುದಕ್ಕೂ ಹೋಲಿಸಬಾರದು.

ಅದೇ ಸೆಟ್ಟಿಂಗ್ ಪುಟದಲ್ಲಿ ಇನ್ನೊಂದು ಖಾನೆ. ಜಿಎ4ರ ವಿವರವಾದ ಅನ್ವೇಷಣೆ ವರದಿಗಳಿಗೆ ಬೇಕಾದ ದತ್ತಾಂಶ ಮೊದಲಿಗೆ ಎರಡೇ ತಿಂಗಳು ಉಳಿಯುತ್ತದೆ. ಉಚಿತ ಖಾತೆಯಲ್ಲಿ ಅದನ್ನು 14 ತಿಂಗಳಿಗೆ ಏರಿಸಬಹುದು, ಆದರೆ ನಾವೇ ಏರಿಸಬೇಕು. ಮಳೆಗಾಲದಿಂದ ಮಳೆಗಾಲಕ್ಕೆ ಬದುಕುವ ನನ್ನಂಥವನ ತಾಣಕ್ಕೆ ಎರಡು ತಿಂಗಳ ನೆನಪು ಏನಕ್ಕೂ ಸಾಲದು. ಧಾರವಾಡದವನು ಕಳೆದ ವರ್ಷದ ಪರೀಕ್ಷಾ ಕಾಲದ ವಿವರ ಹುಡುಕಲು ಹೋಗಿ ಬರಿಗೈಯಲ್ಲಿ ಬಂದದ್ದು ವಹಿಯಲ್ಲಿತ್ತು. ಮೈಸೂರಿನವರದ್ದು ಇನ್ನೂ ದೊಡ್ಡ ನಷ್ಟ. ಜಿಎ4ಕ್ಕೆ ಮೊದಲಿದ್ದ ಯೂನಿವರ್ಸಲ್ ಅನಲಿಟಿಕ್ಸ್ 2023ರ ಜುಲೈ 1ಕ್ಕೆ ಎಣಿಕೆ ನಿಲ್ಲಿಸಿತು, ಮರುವರ್ಷ ಹಳೆಯ ದಾಖಲೆಗಳನ್ನೂ ಅಳಿಸಿತು. ಎಚ್ಚರಿಕೆಯ ಮಿಂಚಂಚೆಗಳು ಅವರು ಈಗ ಬಳಸದ ವಿಳಾಸಕ್ಕೆ ಹೋಗಿದ್ದವು. ಏಳು ವರ್ಷದ ಲೆಕ್ಕ ಹೋಯಿತು. ಈಗ ನಾಲ್ವರೂ ಪ್ರತಿ ತಿಂಗಳ ಮೊದಲ ದಿನ ಒಂದು ಕಡತ ಇಳಿಸಿಕೊಳ್ಳುತ್ತೇವೆ. ದತ್ತಾಂಶ ಬೇರೆಯವರ ಕಣಜದಲ್ಲಿದ್ದರೆ ಬೀಗದ ಕೈಯೂ ಅವರದ್ದೇ.

ಕದ್ದ ಗೆಲುವು

ಇನ್ನು ನನ್ನ ಪೆದ್ದುತನದ ಭಾಗ. ವಹಿಯ ಗೆಲುವಿನ ಕಲಮಿನಲ್ಲಿ ಮೈಸೂರಿನವರು ಬರೆದಿದ್ದರು: ‘ಪಾಕವಿಧಾನದ ಮೇಲ್ಭಾಗದಲ್ಲಿ ವಿಡಿಯೊ ಹಾಕಿದೆ, ಪುಟದಲ್ಲಿ ಉಳಿಯುವ ಸಮಯ ಎರಡು ಪಟ್ಟಾಯಿತು.’ ನಾನು ಮರುದಿನವೇ ಬೋರ್ಡೋ ಪುಟದ ನೆತ್ತಿಯ ಮೇಲೆ ನಾಲ್ಕು ನಿಮಿಷದ ವಿಡಿಯೊ ಕೂರಿಸಿದೆ. ಡ್ರಮ್ಮು, ಮರದ ಕೋಲು, ಸುಣ್ಣದ ತಿಳಿಗೆ ಮೈಲುತುತ್ತದ ನೀರನ್ನು ಸುರಿಯುವ ರೀತಿ, ಎಲ್ಲವೂ ಚೆನ್ನಾಗಿಯೇ ಬಂದಿತ್ತು.

ಆ ಪುಟದಲ್ಲಿ ಒಂದು ಪುಟ್ಟ ಲೆಕ್ಕದ ಪೆಟ್ಟಿಗೆ ಇದೆ. ಶೇ. 1ರ ದ್ರಾವಣಕ್ಕೆ ನೂರು ಲೀಟರ್ ನೀರು, ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ನಿಮ್ಮ ಡ್ರಮ್ಮು ಎಷ್ಟು ಲೀಟರಿನದ್ದೆಂದು ಒತ್ತಿದರೆ ತೂಕ ಹೇಳುತ್ತದೆ. ವಿಡಿಯೊ ಬರುವ ಮೊದಲು ನೂರಕ್ಕೆ ಐದು ಜನ ಅದನ್ನು ಒತ್ತುತ್ತಿದ್ದರು. ವಿಡಿಯೊ ಬಂದ ವಾರ ಎರಡು. ತೆಗೆದೆ, ಮತ್ತೆ ಐದರ ಹತ್ತಿರ ಬಂತು.

ಅಂಕಿ ನೋಡಿ ಕಾರಣ ತಿಳಿಯಲಿಲ್ಲ. ಪಕ್ಕದ ತೋಟಕ್ಕೆ ಹೋದೆ. ಅಲ್ಲಿ ಅಂದೇ ಔಷಧಿ ಹೊಡೆಯುವ ಕೆಲಸ, ಕೊನೆಗೌಡ ಆಗಲೇ ಮರದ ಮೇಲಿದ್ದ, ಕೆಳಗೆ ಡ್ರಮ್ಮಿನ ಹತ್ತಿರ ಯಜಮಾನರು. ‘ನನ್ನ ಪುಟ ತೆರೆದು ತೋರಿಸಿ’ ಎಂದೆ. ಮೈಲುತುತ್ತದಿಂದ ಬೆರಳ ತುದಿಗಳೆಲ್ಲ ನೀಲಿ. ಕೈಯನ್ನು ಪಂಚೆಗೆ ಒರೆಸಿಕೊಂಡು, ಪ್ಲಾಸ್ಟಿಕ್ ಚೀಲದಲ್ಲಿದ್ದ ಫೋನನ್ನು ಚೀಲದ ಮೇಲಿಂದಲೇ ತಟ್ಟಿದರು. ಪುಟ ಬಂತು, ವಿಡಿಯೊ ಇದ್ದ ಜಾಗದ ನೆನಪಿಗೆ ಅವರ ಹೆಬ್ಬೆರಳು ತಾನಾಗಿ ಎರಡು ಸಲ ಮೇಲಕ್ಕೆ ಸರಿಯಿತು. ‘ಮೊನ್ನೆ ಇಲ್ಲಿ ಏನೋ ಚಕ್ರ ತಿರುಗುತ್ತಿತ್ತು ಮಾರಾಯರೇ, ಸುಣ್ಣ ಎಷ್ಟೆಂದು ನೋಡುವಷ್ಟರಲ್ಲಿ ಸುಣ್ಣವೇ ಅರಳಿ ಹೋಯಿತು’ ಎಂದರು. ಆಮೇಲೆ ಫೋನನ್ನು ಚೀಲ ಸಮೇತ ಕಟ್ಟೆಯ ಮೇಲಿಟ್ಟು, ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ಹಿಡಿದರು. ಕಬ್ಬಿಣದ ಮೇಲೆ ಕೆಂಪು ತಾಮ್ರ ಕೂತರೆ ಸುಣ್ಣ ಕಡಿಮೆ ಎಂದರ್ಥ. ಕೂರಲಿಲ್ಲ.

ಮೈಸೂರಿನವರ ಓದುಗರು ಅಡುಗೆಗೆ ಮೊದಲು ಕೂತು ನೋಡುತ್ತಾರೆ. ನನ್ನ ಓದುಗರು ಡ್ರಮ್ಮಿನ ಮುಂದೆ ನಿಂತು ಒಂದು ಸಂಖ್ಯೆ ಕೇಳುತ್ತಾರೆ. ಇದು ಅವರ ಗೆಲುವಿನ ಸಾಲಿನಲ್ಲಿ ಬರೆದಿರಲಿಲ್ಲ. ಗೆದ್ದವರಿಗೆ ಏಕೆ ಗೆದ್ದೆವೆಂದು ಹುಡುಕುವ ಜರೂರು ಇರುವುದಿಲ್ಲ. ಅವರನ್ನೇ ಕೇಳಿದೆ. ಸ್ವಲ್ಪ ಯೋಚಿಸಿ, ‘ನಿಜ ಹೇಳಬೇಕೆಂದರೆ ಆ ತಿಂಗಳು ದೀಪಾವಳಿ ಇತ್ತು’ ಎಂದರು.

ವಿಡಿಯೊ ವಿಷಯದಲ್ಲಿ ಒಂದು ಪ್ರಸಿದ್ಧ ಪ್ರಕರಣ ನನಗೆ ಮೊದಲೇ ಗೊತ್ತಿರಬೇಕಿತ್ತು. ಒಬಾಮಾ ಅವರ ಮೊದಲ ಅಧ್ಯಕ್ಷೀಯ ಪ್ರಚಾರದಲ್ಲಿ ಡ್ಯಾನ್ ಸಿರೋಕರ್ ತಂಡ ಸ್ವಾಗತ ಪುಟದ 24 ಜೋಡಣೆಗಳನ್ನು ಸುಮಾರು 3.1 ಲಕ್ಷ ಭೇಟಿಗಾರರ ಮೇಲೆ ಪರೀಕ್ಷಿಸಿತು. ಪ್ರಚಾರದ ಸಿಬ್ಬಂದಿಗೆ ಒಂದು ವಿಡಿಯೊ ತುಂಬಾ ಇಷ್ಟವಾಗಿತ್ತು. ಪರೀಕ್ಷೆಯಲ್ಲಿ ವಿಡಿಯೊಗಳೆಲ್ಲವೂ ಸ್ಥಿರಚಿತ್ರಗಳಿಗಿಂತ ಹಿಂದೆ ಬಿದ್ದವು. ಗೆದ್ದದ್ದು ಕುಟುಂಬದ ಒಂದು ಫೋಟೊ ಮತ್ತು ‘ಇನ್ನಷ್ಟು ತಿಳಿಯಿರಿ’ ಎಂಬ ಗುಂಡಿ. ಹೆಸರು ನೋಂದಾಯಿಸುವವರು ಶೇ. 8.26ರಿಂದ ಶೇ. 11.6ಕ್ಕೆ ಏರಿದರು. ಇದನ್ನು ಓದಿದ ಎಷ್ಟೋ ಜನ ತಮ್ಮ ತಾಣದಲ್ಲಿಯೂ ‘ಇನ್ನಷ್ಟು ತಿಳಿಯಿರಿ’ ಗುಂಡಿ ಹಾಕಿದ್ದಾರೆ. ಅವರೂ ನಾನೂ ಒಂದೇ ಬಳ್ಳಿಯ ಕಾಯಿಗಳು.

ಮೈಕ್ರೋಸಾಫ್ಟ್‌ನ ಬಿಂಗ್ ಶೋಧಯಂತ್ರದ ಎಡವಟ್ಟು ಇದಕ್ಕಿಂತ ಉಪಯೋಗಕ್ಕೆ ಬಂತು. ರಾನ್ ಕೊಹಾವಿ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅದು ಇದೆ. ಪ್ರಯೋಗವೊಂದರಲ್ಲಿ ದೋಷ ನುಸುಳಿ ಹುಡುಕಾಟದ ಫಲಿತಾಂಶಗಳು ಕೆಟ್ಟುಹೋದವು. ಆಗ ಒಬ್ಬೊಬ್ಬರ ಹುಡುಕಾಟಗಳ ಸಂಖ್ಯೆ ಶೇ. 10ಕ್ಕಿಂತ ಹೆಚ್ಚಿತು, ಆದಾಯ ಶೇ. 30ಕ್ಕಿಂತ ಹೆಚ್ಚಿತು! ಬೇಕಾದದ್ದು ಸಿಗದ ಜನ ಮತ್ತೆ ಮತ್ತೆ ಹುಡುಕಿದರು, ಜಾಹೀರಾತುಗಳನ್ನು ಒತ್ತಿದರು. ಸೋಲು ಎಷ್ಟು ನಿಖರವಾಗಿ ಬರೆದಿಟ್ಟಿದೆಯೆಂದರೆ ಸಿಯಾಟಲ್ ಕಡೆಯ ಆ ಕಥೆಯನ್ನು ನಮ್ಮ ತೋಟದ ಕಟ್ಟೆಯ ಮೇಲೆ ಕೂತು ಅರ್ಥ ಮಾಡಿಕೊಳ್ಳಬಹುದು. ನನ್ನ ಪುಟದಲ್ಲಿ ಜನ ಹೆಚ್ಚು ಹೊತ್ತು ಉಳಿದರೆ ಅದು ಸುಣ್ಣದ ತೂಕ ಸಿಗದೆ ಪರದಾಡಿದ ಹೊತ್ತು. ಅಂದಿನಿಂದ ಬೌನ್ಸ್ ರೇಟ್ ನೋಡುವುದನ್ನು ಬಿಟ್ಟೆ. ಲೆಕ್ಕದ ಪೆಟ್ಟಿಗೆ ಒತ್ತಿದಾಗ ನನ್ನದೇ ಸರ್ವರ್‌ಗೆ ಲೀಟರ್ ಸಂಖ್ಯೆಯ ಸಮೇತ ಒಂದು ಚಿಕ್ಕ ಕೋರಿಕೆ ಬರುವಂತೆ ಮಾಡಿದೆ, ಲಾಗ್‌ನಲ್ಲಿ ಎಣಿಸಲು.

ತೂಗಲಾರದ ತಕ್ಕಡಿ

ಹಾಗಾದರೆ ಪೆಟ್ಟಿಗೆಯನ್ನು ಪುಟದ ತುದಿಗೆ ತಂದರೆ ಹೇಗೆ? ಅರ್ಧ ಜನರಿಗೆ ಹಳೆಯ ಪುಟ, ಅರ್ಧ ಜನರಿಗೆ ಹೊಸ ಪುಟ ತೋರಿಸಿ ಹೋಲಿಸುವ ಎ/ಬಿ ಪರೀಕ್ಷೆ ಮಾಡೋಣ ಎಂದೆ. ಧಾರವಾಡದವನು ನಕ್ಕ. ಅವನು ಹಿಂದೊಮ್ಮೆ ಪುಟದ ಶೀರ್ಷಿಕೆಯ ಪರೀಕ್ಷೆ ಹಚ್ಚಿ, ದಿನಕ್ಕೆ ಹತ್ತು ಸಲ ಇಣುಕಿ, ಮೂರನೆಯ ದಿನ ‘ಶೇ. 95 ಖಚಿತ’ ಎಂದು ಕಂಡ ಕೂಡಲೇ ನಿಲ್ಲಿಸಿದ್ದ. ಹೊಸ ಶೀರ್ಷಿಕೆ ಹಾಕಿದ ಮೇಲೆ ಏನೂ ಬದಲಾಗಲಿಲ್ಲ. ಅನುಮಾನ ಬಂದು ಎ/ಎ ಪರೀಕ್ಷೆ ಮಾಡಿದ. ಅಂದರೆ ಎರಡು ಕಡೆಯೂ ಅದೇ ಪುಟ. ಹತ್ತು ಸಲ ಇಣುಕಿದ್ದರಲ್ಲಿ ಒಮ್ಮೆ ಅದರಲ್ಲಿಯೂ ಒಂದು ‘ಗೆದ್ದಿತು’. ಕತ್ತಿ ಅದ್ದಿ ನೋಡುವುದೆಂದರೆ ಇದೇ. ತಕ್ಕಡಿ ಸರಿ ಇದೆಯೇ ಎಂದು ತಿಳಿಯಲು ಒಂದೇ ವಸ್ತುವನ್ನು ಎರಡೂ ತಟ್ಟೆಗೆ ಹಾಕು.

ನಾನು ಮೊದಲೇ ಲೆಕ್ಕ ಹಾಕಿದೆ. ಒರಟು ಸೂತ್ರ ಹೀಗಿದೆ: ಈಗಿನ ಪ್ರಮಾಣವನ್ನು, ಒಂದರಿಂದ ಅದನ್ನು ಕಳೆದ ಉಳಿಕೆಯಿಂದ ಗುಣಿಸಿ, ಮತ್ತೆ 16ರಿಂದ ಗುಣಿಸಿ, ಹಿಡಿಯಬೇಕಾದ ವ್ಯತ್ಯಾಸದ ವರ್ಗದಿಂದ ಭಾಗಿಸುವುದು. ಶೇ. 5 ಇದ್ದದ್ದು ಶೇ. 5.5 ಆಯಿತೇ ಎಂದು ತಿಳಿಯಲು ಒಂದೊಂದು ಬದಿಗೆ 30,400 ಜನ ಬೇಕು. ಎರಡೂ ಬದಿ ಸೇರಿ 60,800. ನನಗೆ ದಿನಕ್ಕೆ 300. ಎಂದರೆ 203 ದಿನ. ಅಷ್ಟರಲ್ಲಿ ಮಳೆಗಾಲ ಮುಗಿದು, ಅಡಿಕೆ ಕೊಯ್ದು, ಸುಲಿದು, ಒಣಗಿಸಿ ಮಂಡಿಗೆ ಹೋಗಿರುತ್ತದೆ. ಅದೇ ಶೇ. 5 ಇದ್ದದ್ದು ಶೇ. 10 ಆಗುವಂಥ ಬದಲಾವಣೆಯಾದರೆ ಬದಿಗೆ ಸುಮಾರು 300 ಜನ ಸಾಕು. ನನ್ನ ತಕ್ಕಡಿ ಮೂಟೆ ತೂಗುತ್ತದೆ, ಗುಲಗಂಜಿ ತೂಗುವುದಿಲ್ಲ. ಗುಂಡಿಯ ಬಣ್ಣ ಬದಲಿಸಿ ನೋಡುವ ಆಟವನ್ನು ಅಲ್ಲಿಗೆ ಬಿಟ್ಟು, ಪೆಟ್ಟಿಗೆಯನ್ನು ನೆತ್ತಿಗೆ ತಂದು ಒಂದು ಪೂರ್ತಿ ವಾರ ಇಣುಕದೆ ಕಾದೆ. ನೂರಕ್ಕೆ ಹನ್ನೊಂದು.

ಹಗುರ ಪುಟ, ಕೆಟ್ಟ ಅಂಕಿ

ಜೂನ್ ಮೊದಲ ವಾರದ ಲಾಗ್‌ನಲ್ಲಿ ಒಂದು ಜಾಡು ಕಂಡಿತು. ಬೆಳಿಗ್ಗೆ 6:12:09ಕ್ಕೆ ಬೋರ್ಡೋ ಪುಟ, ಉತ್ತರ 200, ಅಂದರೆ ಸರಿ. ಹಿಂದೆಯೇ ಫಾಂಟ್ ಕಡತ, ಅದಕ್ಕೂ 200. ಆದರೆ ಬೈಟುಗಳ ಕಲಂ ನೋಡಿದರೆ ಫಾಂಟಿನ ಅರ್ಧವೂ ಹೋಗಿರಲಿಲ್ಲ. 6:13ಕ್ಕೆ ಮತ್ತೆ ಅದೇ ಪುಟ, ಮತ್ತೆ ಅರ್ಧ ಫಾಂಟ್. 6:15ಕ್ಕೆ ಇನ್ನೊಮ್ಮೆ. ಆಮೇಲೆ ಇಲ್ಲ. ಹಳೆಯ ಆಂಡ್ರಾಯ್ಡ್ ಫೋನ್. ಜಿಎ4ರಲ್ಲಿ ಆ ಹೊತ್ತಿಗೆ ಯಾರೂ ಬಂದೇ ಇರಲಿಲ್ಲ. ಎಣಿಸುವ ಸ್ಕ್ರಿಪ್ಟ್ ತಲುಪುವ ಮೊದಲೇ ಸಂಪರ್ಕ ಕಡಿದಿತ್ತು. ಮಳೆಗೆ ಕರೆಂಟು ಹೋಗಿ, ಟವರಿನ ಬ್ಯಾಟರಿ ಮುಗಿದು, ಒಂದು ಗೆರೆ ಸಿಗ್ನಲ್‌ನಲ್ಲಿ ಮೂರು ಸಲ ಪ್ರಯತ್ನಿಸಿದ ಒಬ್ಬ ಮನುಷ್ಯ ನನ್ನ ವರದಿಯ ಪ್ರಕಾರ ಹುಟ್ಟಿಯೇ ಇಲ್ಲ.

ಪುಟ 1.8 ಎಂಬಿ ಇತ್ತು. ಎರಡು ಕನ್ನಡ ಫಾಂಟ್ ಕಿತ್ತು ಫೋನಿನ ಫಾಂಟನ್ನೇ ಬಳಸಿದೆ, ಚಿತ್ರಗಳನ್ನು ಕುಗ್ಗಿಸಿದೆ, ಹಂಚಿಕೊಳ್ಳುವ ಗುಂಡಿಗಳ ಸ್ಕ್ರಿಪ್ಟ್ ಎಸೆದೆ. 140 ಕೆಬಿಗೆ ಬಂತು. ಫಾಂಟ್ ಹೋದದ್ದಕ್ಕೆ ಈಗಲೂ ಹೊಟ್ಟೆ ಉರಿಯುತ್ತದೆ, ಚೆಂದದ ಫಾಂಟ್ ಅದು.

ಮುಂದಿನ ವಾರದ ವರದಿಯಲ್ಲಿ ಪುಟ ತೆರೆಯುವ ಸರಾಸರಿ ಸಮಯ ಹೆಚ್ಚಾಗಿತ್ತು. ಹಗುರ ಮಾಡಿದ್ದಕ್ಕೆ ನಿಧಾನ! ಹಿಂದಿನ ನಾನಾಗಿದ್ದರೆ ಎಲ್ಲವನ್ನೂ ಮೊದಲಿನಂತೆ ಮಾಡುತ್ತಿದ್ದೆ. ಆದರೆ ಯೂಟ್ಯೂಬ್‌ನಲ್ಲಿದ್ದ ಕ್ರಿಸ್ ಝಕರಾಯಸ್ 2012ರಲ್ಲಿ ಬರೆದುಕೊಂಡ ಅನುಭವ ತಲೆಯಲ್ಲಿತ್ತು. ಅವರು ವಿಡಿಯೊ ಪುಟವನ್ನು 1.2 ಎಂಬಿಯಿಂದ 98 ಕೆಬಿಗೆ ಇಳಿಸಿದಾಗ ಸರಾಸರಿ ಸಮಯ ಏರಿತು. ತಲೆ ಕೆರೆದುಕೊಂಡು, ಕೊನೆಗೆ ಪ್ರದೇಶವಾರು ಬಿಡಿಸಿ ನೋಡಿದರೆ ಆಗ್ನೇಯ ಏಷ್ಯಾ, ದಕ್ಷಿಣ ಅಮೆರಿಕ, ಆಫ್ರಿಕಾ, ಸೈಬೀರಿಯಾಗಳಿಂದ ಬರುವವರು ಹೆಚ್ಚಿದ್ದರು. ಮೊದಲು ಇಪ್ಪತ್ತು ನಿಮಿಷ ಕಾಯಬೇಕಿದ್ದವರು ಪುಟವನ್ನು ಕಂಡೇ ಇರಲಿಲ್ಲ. ಈಗ ಎರಡು ನಿಮಿಷಕ್ಕೆ ಕಾಣುತ್ತಿತ್ತು, ಹಾಗಾಗಿ ಲೆಕ್ಕಕ್ಕೆ ಬಂದಿದ್ದರು.

ನಾನೂ ಊರುವಾರು ಬಿಡಿಸಲು ಹೋಗಿ ಮುಗ್ಗರಿಸಿದೆ. ಮೊಬೈಲ್ ಜಾಲದಲ್ಲಿ ಐಪಿ ನೋಡಿ ಊರು ಹೇಳುವುದು ಕಣಿ ಹೇಳಿದ ಹಾಗೆ. ಮನೆಯ ಜಗುಲಿಯಲ್ಲಿ ಕೂತು ನನ್ನದೇ ಫೋನಿನಿಂದ ಪುಟ ತೆರೆದೆ. ವರದಿಯಲ್ಲಿ ನಾನು ಬೆಂಗಳೂರಿನವನಾಗಿದ್ದೆ. ಹಾಗಾಗಿ ಊರಿನ ಬದಲು ಫೋನಿನ ಆಂಡ್ರಾಯ್ಡ್ ಆವೃತ್ತಿಯ ಮೇಲೆ ಬಿಡಿಸಿದೆ. ಹೊಸ ಫೋನ್‌ಗಳಲ್ಲಿ ಸಮಯ ಇಳಿದಿತ್ತು. ಹಳೆಯ ಫೋನ್‌ಗಳಲ್ಲಿಯೂ ಇಳಿದಿತ್ತು. ಎರಡೂ ಇಳಿದು ಒಟ್ಟು ಸರಾಸರಿ ಏರಿದ್ದು ಏಕೆಂದರೆ ಹಳೆಯ ಫೋನ್‌ಗಳ ಪಾಲೇ ಹೆಚ್ಚಿತ್ತು. ವಹಿಯಲ್ಲಿ ಇದನ್ನು ಗೆಲುವಿನ ಕಲಮಿಗೆ ಹಾಕಲು ಮನಸ್ಸಾಗಲಿಲ್ಲ, ಎಡವಟ್ಟಿನ ಕಡೆಯೇ ಬರೆದೆ: ‘ಇಷ್ಟು ವರ್ಷ ಇವರನ್ನು ಎಣಿಸಿರಲಿಲ್ಲ.’

ಉಳಿದ ಚಿಲ್ಲರೆ ಕೆಲಸ

ವಾಟ್ಸ್ಆಪ್‌ನಿಂದ ಬಂದವರೆಲ್ಲ ‘ನೇರ’ ಎಂಬ ಡಬ್ಬಿಗೆ ಬೀಳುತ್ತಾರೆ, ಏಕೆಂದರೆ ಆ್ಯಪ್‌ನಿಂದ ಒತ್ತಿದ ಕೊಂಡಿಗೆ ಸಾಮಾನ್ಯವಾಗಿ ರೆಫರರ್ ಇರುವುದಿಲ್ಲ. ಹಂಚುವ ಕೊಂಡಿಗೆ ಯುಟಿಎಂ ಬಾಲ ಅಂಟಿಸಿದೆ, ಎಲ್ಲವೂ ಚಿಕ್ಕಕ್ಷರದಲ್ಲಿ. ದೊಡ್ಡಕ್ಷರ ಬಳಸಿದರೆ ಅದನ್ನು ಬೇರೆ ಮೂಲವೆಂದೇ ಎಣಿಸುತ್ತದೆ. ತಾಣದ ಒಳಗಿನ ಕೊಂಡಿಗಳಿಗೆ ಮಾತ್ರ ಹಚ್ಚಲಿಲ್ಲ. ಮೈಸೂರಿನವರು ಯೂನಿವರ್ಸಲ್ ಕಾಲದಲ್ಲಿ ಮುಖಪುಟದ ಬ್ಯಾನರಿಗೆ ಬಾಲ ಹಚ್ಚಿ, ಒಬ್ಬರದೇ ಭೇಟಿ ನಡುವೆ ತುಂಡಾಗಿ ಎರಡಾಗಿ, ಅರ್ಧ ಓದುಗರು ‘ಬ್ಯಾನರ್’ ಎಂಬ ಊರಿನಿಂದ ಬಂದಿದ್ದಾರೆಂದು ಮೂರು ತಿಂಗಳು ನಂಬಿದ್ದರು. ಲಾಗ್‌ನ ಐಪಿ ವಿಳಾಸಗಳ ಕೊನೆಯ ಭಾಗ ಅಳಿಸಿ, 30 ದಿನಕ್ಕಿಂತ ಹಳೆಯ ಕಡತ ತಾನಾಗಿ ಹೋಗುವಂತೆ ಮಾಡಿದ್ದೇನೆ. ಬೋರ್ಡೋ ಪುಟದ ಫಾಂಟ್ ಇನ್ನೂ ಹಿಂದಿರುಗಿಲ್ಲ.

ಜುಲೈ ಕೊನೆಗೆ ಎರಡನೆಯ ಸಿಂಪಡಣೆ. ಮಳೆ ಒಂದು ಬೆಳಗಿನ ಹೊಳವು ಕೊಟ್ಟಿತ್ತು. ರಾತ್ರಿ ಲಾಗ್ ತೆರೆದೆ. 6:31:07ಕ್ಕೆ ಹಳೆಯ ಆಂಡ್ರಾಯ್ಡ್ ಫೋನಿನಿಂದ ಬೋರ್ಡೋ ಪುಟ, ಬೈಟುಗಳು ಪೂರ್ತಿ. 6:31:15ಕ್ಕೆ ಲೆಕ್ಕದ ಪೆಟ್ಟಿಗೆ, 200 ಲೀಟರ್. ಆಮೇಲೆ ಏನೂ ಇಲ್ಲ. ಒಟ್ಟು ಎಂಟು ಸೆಕೆಂಡ್. ಗೂಗಲ್ ವರದಿಯ ಲೆಕ್ಕದಲ್ಲಿ ಅದು ಬೌನ್ಸ್.